ಹಳಿಯ ಮೇಲೆ ಆಮ್ಲ: ತುಂಬುವುದರಿಂದ ಇಳಿಸುವವರೆಗೆ ಪಾಲಿಸಬೇಕಾದ ನಿಯಮಗಳು

ರಸಗೊಬ್ಬರ, ಬ್ಯಾಟರಿ, ಉಕ್ಕಿನ ತಗಡು, ಬಣ್ಣ, ಔಷಧ – ಇವುಗಳ ತಯಾರಿಕೆಯ ಯಾವುದಾದರೊಂದು ಹಂತದಲ್ಲಿ ಆಮ್ಲ ಬೇಕೇ ಬೇಕು. ಗಂಧಕಾಮ್ಲವಂತೂ ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವ ರಾಸಾಯನಿಕಗಳಲ್ಲಿ ಒಂದು. ಅದು ತಯಾರಾಗುವ ಊರು ಒಂದು, ಬಳಕೆಯಾಗುವ ಊರು ಇನ್ನೊಂದು. ನಡುವಿನ ನೂರಾರು ಕಿಲೋಮೀಟರ್ ದಾರಿಯನ್ನು ದಾಟಿಸಲು ರೈಲಿನ ಟ್ಯಾಂಕ್ ವ್ಯಾಗನ್ ಅನುಕೂಲದ ಸಾಧನ. ಮೂರು ನಾಲ್ಕು ಲಾರಿಗಳು ಹೊರುವಷ್ಟನ್ನು ಅದೊಂದೇ ಹೊರುತ್ತದೆ. ಅದೇ ಕಾರಣಕ್ಕೆ, ಒಂದು ವ್ಯಾಗನ್ ಸೋರಿದರೆ ಒಂದಿಡೀ ಬಡಾವಣೆಯನ್ನು ತೆರವು ಮಾಡಬೇಕಾಗುತ್ತದೆ.

ಅಮೆರಿಕ ಮತ್ತು ಕೆನಡಾಗಳಲ್ಲಿ ಈ ಬಗೆಯ ಸಾಗಣೆ ಬಹಳ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಅಮೆರಿಕದ ಸಾರಿಗೆ ಇಲಾಖೆಯ ನಿಯಮಗಳು ಅಲ್ಲಿನ ಫೆಡರಲ್ ನಿಯಮಾವಳಿಯ 49ನೇ ಶೀರ್ಷಿಕೆಯಲ್ಲಿವೆ. ಯುರೋಪಿನಲ್ಲಿ ಆರ್‌ಐಡಿ ಎಂಬ ಅಂತರರಾಷ್ಟ್ರೀಯ ನಿಯಮಾವಳಿ ಇದ್ದು, ಎರಡು ವರ್ಷಕ್ಕೊಮ್ಮೆ ಪರಿಷ್ಕರಣೆಗೊಳ್ಳುತ್ತದೆ. ಎರಡಕ್ಕೂ ವಿಶ್ವಸಂಸ್ಥೆಯ ಮಾದರಿ ನಿಯಮಗಳೇ ಆಧಾರ. ಈ ಲೇಖನದ ಹೆಚ್ಚಿನ ವಿವರಗಳು ಅಮೆರಿಕದ ಅನುಭವದಿಂದ ಬಂದವು. ಕೊನೆಯಲ್ಲಿ ನಮ್ಮ ದೇಶದ ಕಾನೂನು ಮತ್ತು ನಾವು ನೀವು ನೆನಪಿಡಬೇಕಾದ ಸಂಗತಿಗಳಿವೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಎಲ್ಲ ಆಮ್ಲಗಳಿಗೂ ಹೊಂದುವ ಒಂದೇ ಸುರಕ್ಷತಾ ನಿಯಮ ಇಲ್ಲ. ಯಾವ ಆಮ್ಲ, ಎಷ್ಟು ಗಾಢ ಎಂಬುದು ಖಚಿತವಾದ ಮೇಲಷ್ಟೇ ಯಾವ ಟ್ಯಾಂಕ್, ಯಾವ ಗ್ಯಾಸ್ಕೆಟ್, ಯಾವ ಫಲಕ, ಸೋರಿದರೆ ಏನು ಮಾಡಬೇಕು ಎಂಬುದೆಲ್ಲ ತೀರ್ಮಾನವಾಗುತ್ತದೆ. ಹೆಸರು ತಪ್ಪಿದರೆ ಮುಂದಿನ ಎಚ್ಚರಿಕೆಗಳೆಲ್ಲ ವ್ಯರ್ಥ.

ಆಮ್ಲಕ್ಕೆ ತಕ್ಕ ಟ್ಯಾಂಕ್

ಗಾಢ ಗಂಧಕಾಮ್ಲವನ್ನು, ಅಂದರೆ ಶೇ 93ರಿಂದ 98ರಷ್ಟು ಸಾಂದ್ರತೆಯದನ್ನು, ಸಾಮಾನ್ಯ ಉಕ್ಕಿನ ಟ್ಯಾಂಕಿನಲ್ಲೇ ಸಾಗಿಸಬಹುದು. ಇದು ಅನೇಕರಿಗೆ ಅಚ್ಚರಿ ತರುತ್ತದೆ. ಆಮ್ಲ ಉಕ್ಕಿಗೆ ತಾಗಿದ ಕೂಡಲೇ ಫೆರಸ್ ಸಲ್ಫೇಟಿನ ತೆಳುವಾದ ಪದರವೊಂದು ಕಟ್ಟಿಕೊಳ್ಳುತ್ತದೆ. ಮುಂದೆ ಉಕ್ಕನ್ನು ಕಾಯುವುದು ಅದೇ ಪದರ. ಆದರೆ ನೀರು ಬೆರೆತು ಆಮ್ಲ ತೆಳುವಾದರೆ ಪದರ ಕರಗಿಹೋಗುತ್ತದೆ. ಆಗ ಆಮ್ಲ ಉಕ್ಕನ್ನು ತಿನ್ನತೊಡಗುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ಹೈಡ್ರೋಜನ್ ಒಂದು ಕಿಡಿಗೆ ಹೊತ್ತಿಕೊಳ್ಳುವ ಅನಿಲ. ತೆಳು ಆಮ್ಲಕ್ಕಿಂತ ಗಾಢ ಆಮ್ಲವೇ ಹೆಚ್ಚು ಅಪಾಯಕಾರಿ ಎಂಬ ಸಾಮಾನ್ಯ ನಂಬಿಕೆ ಟ್ಯಾಂಕಿನ ಮಟ್ಟಿಗೆ ತಲೆಕೆಳಗಾಗುವುದು ಹೀಗೆ. ಗಂಧಕಾಮ್ಲದ ವ್ಯಾಗನ್‌ನೊಳಕ್ಕೆ ಮಳೆನೀರಾಗಲಿ ತೇವದ ಗಾಳಿಯಾಗಲಿ ಹೋಗಕೂಡದು, ಅದರ ಮ್ಯಾನ್‌ಹೋಲ್ ಬಳಿ ಬೆಂಕಿ, ವೆಲ್ಡಿಂಗ್, ಬೀಡಿ ಸಿಗರೇಟು ಇರಕೂಡದು ಎಂಬ ನಿಯಮಗಳಿಗೆ ಇದೇ ಕಾರಣ. ಆ ರಕ್ಷಕ ಪದರ ಬಹಳ ಮೆದು. ಆಮ್ಲವನ್ನು ರಭಸದಿಂದ ಹರಿಸಿದರೂ ಅದು ಕಿತ್ತುಹೋಗುತ್ತದೆ. ಹಾಗಾಗಿ ಉಕ್ಕಿನ ಪೈಪುಗಳಲ್ಲಿ ಗಾಢ ಗಂಧಕಾಮ್ಲವನ್ನು ನಿಧಾನವಾಗಿಯೇ ಹರಿಸಬೇಕು.

ಹೈಡ್ರೋಕ್ಲೋರಿಕ್ ಆಮ್ಲದ ಗುಣ ಬೇರೆ. ಅದು ಯಾವ ಗಾಢತೆಯಲ್ಲಿದ್ದರೂ ಉಕ್ಕನ್ನು ತಿನ್ನುತ್ತದೆ. ಅದಕ್ಕೆ ಒಳಮೈಗೆಲ್ಲ ರಬ್ಬರ್ ಹೊದಿಸಿದ ಟ್ಯಾಂಕ್ ಬೇಕು. ಆ ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಆಮ್ಲ ಅದರೊಳಗಿಂದ ಉಕ್ಕನ್ನು ತಲುಪುತ್ತದೆ. ಅಷ್ಟು ಸಣ್ಣ ತೂತು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹುಡುಕಲು ಅಧಿಕ ವೋಲ್ಟೇಜಿನ ವಿದ್ಯುತ್ ಕಡ್ಡಿಯನ್ನು ರಬ್ಬರಿನ ಮೇಲೆ ಆಡಿಸುತ್ತಾರೆ. ತೂತಿದ್ದಲ್ಲಿ ಕಿಡಿ ಹಾರಿ ಜಾಗ ಗೊತ್ತಾಗುತ್ತದೆ.

ನೈಟ್ರಿಕ್ ಆಮ್ಲಕ್ಕೆ ಸ್ಟೇನ್‌ಲೆಸ್ ಸ್ಟೀಲ್, ಬಹಳ ಗಾಢವಾದರೆ ಅಲ್ಯೂಮಿನಿಯಂ ಟ್ಯಾಂಕ್ ಬೇಕು. ಅದು ಪ್ರಬಲ ಉತ್ಕರ್ಷಕವೂ ಹೌದು. ಮರದ ಪುಡಿ, ಬಟ್ಟೆ, ಎಣ್ಣೆಯಂಥ ವಸ್ತುಗಳಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಫಾಸ್ಫಾರಿಕ್ ಆಮ್ಲಕ್ಕೆ ರಬ್ಬರ್ ಹೊದಿಕೆಯ ಅಥವಾ ಸ್ಟೇನ್‌ಲೆಸ್ ಟ್ಯಾಂಕ್ ಆಗುತ್ತದೆ. ಹೈಡ್ರೋಫ್ಲೋರಿಕ್ ಆಮ್ಲ ಗಾಜನ್ನೂ ತಿನ್ನುತ್ತದೆ, ಚರ್ಮದ ಮೂಲಕ ಒಳಗಿಳಿದು ರಕ್ತದಲ್ಲಿನ ಕ್ಯಾಲ್ಸಿಯಮ್ಮನ್ನೇ ಹೀರುತ್ತದೆ. ಅದರ ನಿಯಮಗಳು ಎಲ್ಲಕ್ಕಿಂತ ಕಟ್ಟುನಿಟ್ಟು.

ಟ್ಯಾಂಕಿಗೂ ಆಮ್ಲಕ್ಕೂ ಹೊಂದಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದು 2005ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಸೌತ್ ಸಾಲ್ಟ್ ಲೇಕ್‌ನಲ್ಲಿ ಕಂಡಿತು. ರೈಲು ಯಾರ್ಡಿನಲ್ಲಿ ನಿಂತಿದ್ದ ವ್ಯಾಗನ್ ಒಂದರಿಂದ ತ್ಯಾಜ್ಯ ಆಮ್ಲಗಳ ಮಿಶ್ರಣ ಸೋರಿತು. ಅಪಘಾತ ನಡೆದಿರಲಿಲ್ಲ, ವ್ಯಾಗನ್ ಉರುಳಿರಲಿಲ್ಲ. ಒಳಗಿದ್ದ ಮಿಶ್ರಣವೇ ಟ್ಯಾಂಕನ್ನು ತಿಂದು ಹೊರಬಂದಿತ್ತು. ಸಾವಿರಾರು ಜನ ಮನೆ ಬಿಟ್ಟು ಹೋಗಬೇಕಾಯಿತು. ‘ತ್ಯಾಜ್ಯ ಆಮ್ಲ’ ಎಂದು ಬರೆದರೆ ಸಾಲದು. ಅದರಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂಬ ಪರೀಕ್ಷಾ ವರದಿ ಕೈಯಲ್ಲಿಲ್ಲದೆ ವ್ಯಾಗನ್ ಗೊತ್ತುಮಾಡಬಾರದು.

ತುಂಬುವ ಮುನ್ನ ನೋಡಬೇಕಾದ್ದು

ಖಾಲಿ ವ್ಯಾಗನ್ ಸೈಡಿಂಗಿಗೆ ಬಂದ ಕೂಡಲೇ ಪೈಪ್ ಜೋಡಿಸುವಂತಿಲ್ಲ. ಹೊಣೆ ಹೊತ್ತವರು ಇಷ್ಟನ್ನು ಕಣ್ಣಾರೆ ನೋಡಿ, ಸಹಿ ಹಾಕಬೇಕು:

• ವ್ಯಾಗನ್ ಮೇಲೆ ಅಚ್ಚಾಗಿರುವ ನಮೂನೆ ಸಂಖ್ಯೆ ಈ ಆಮ್ಲಕ್ಕೆ ಒಪ್ಪುವಂಥದ್ದೇ? ಟ್ಯಾಂಕ್ ಮತ್ತು ಸುರಕ್ಷತಾ ಸಾಧನಗಳ ಮುಂದಿನ ಪರೀಕ್ಷೆಯ ಗಡುವು ದಾಟಿಲ್ಲ ತಾನೇ?
• ಹಿಂದಿನ ಬಾರಿ ಅದರಲ್ಲಿ ಏನು ಬಂದಿತ್ತು? ಉಳಿದಿರುವ ತಳಸರಕು ಈಗ ತುಂಬುವ ಆಮ್ಲದೊಡನೆ ಸೇರಿದರೆ ಬಿಸಿಯಾಗುತ್ತದೆಯೇ, ಅನಿಲ ಬಿಡುತ್ತದೆಯೇ?
• ಹೊರಮೈಯಲ್ಲಿ ತಗ್ಗು, ಬಿರುಕು, ತುಕ್ಕಿನ ಗೆರೆ ಇದೆಯೇ? ಮ್ಯಾನ್‌ಹೋಲ್‌ನಿಂದ ಕೆಳಕ್ಕೆ ಇಳಿದ ಕಲೆ ಹಿಂದಿನ ಸೋರಿಕೆಯ ಗುರುತು.
• ಗ್ಯಾಸ್ಕೆಟ್ ಯಾವ ವಸ್ತುವಿನದು? ಒಂದು ಆಮ್ಲಕ್ಕೆ ಬಾಳುವ ಗ್ಯಾಸ್ಕೆಟ್ ಇನ್ನೊಂದಕ್ಕೆ ಕರಗಿಹೋಗಬಹುದು.
• ಒತ್ತಡ ಏರಿದಾಗ ಒಡೆದು ದಾರಿ ಬಿಡುವ ತೆಳು ಬಿಲ್ಲೆ ಸರಿಯಾದ ಅಳತೆಯದೇ? ಅದರಲ್ಲಿ ತೂತಿಲ್ಲ ತಾನೇ?

ತಳಸರಕಿನ ಬಗೆಗಿನ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. 1995ರ ಅಕ್ಟೋಬರ್ 23ರಂದು ಲೂಸಿಯಾನಾ ರಾಜ್ಯದ ಬೋಗಲೂಸಾದಲ್ಲಿ ನೈಟ್ರೋಜನ್ ಟೆಟ್ರಾಕ್ಸೈಡ್ ತುಂಬಿದ್ದ ವ್ಯಾಗನ್ ಬಿರಿದು, ಕೆಂಗಂದು ಮೋಡ ಊರಿನ ಮೇಲೆ ಹಬ್ಬಿತು. ಆ ಟ್ಯಾಂಕಿಗೆ ನೀರು ಸೇರಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ಒಣಗಿದ್ದಾಗ ಉಕ್ಕಿಗೆ ಅಷ್ಟೇನೂ ಹಾನಿ ಮಾಡದ ವಸ್ತು, ನೀರು ಬೆರೆತು ತೀಕ್ಷ್ಣ ಆಮ್ಲವಾಗಿತ್ತು. ಸಾವಿರಾರು ಜನ ಆಸ್ಪತ್ರೆಗೆ ಹೋದರು.

ಎಷ್ಟು ತುಂಬಬೇಕು

ಗಂಧಕಾಮ್ಲ ನೀರಿಗಿಂತ ಸುಮಾರು 1.84 ಪಟ್ಟು ತೂಕದ್ದು. 50,000 ಲೀಟರ್ ಎಂದರೆ 92 ಟನ್. ಆದ್ದರಿಂದ ಅಮೆರಿಕದಲ್ಲಿ ಗಂಧಕಾಮ್ಲದ ವ್ಯಾಗನ್‌ಗಳು ತೈಲದ ವ್ಯಾಗನ್‌ಗಳ ಅರ್ಧದಷ್ಟೇ ಗಾತ್ರ ಇರುತ್ತವೆ. ದೊಡ್ಡ ಟ್ಯಾಂಕಿನಲ್ಲಿ ಜಾಗ ಉಳಿದಿದೆಯೆಂದು ತುಂಬುತ್ತಾ ಹೋದರೆ ಅಚ್ಚು, ಗಾಲಿ, ಹಳಿಯ ಮೇಲಿನ ಭಾರ ಮಿತಿ ಮೀರುತ್ತದೆ. ಲೀಟರ್ ಲೆಕ್ಕ ಮತ್ತು ತೂಕದ ಲೆಕ್ಕ ಎರಡನ್ನೂ ಹಾಕಿ, ಯಾವುದು ಮೊದಲು ಮಿತಿ ಮುಟ್ಟುತ್ತದೋ ಅಲ್ಲಿಗೆ ನಿಲ್ಲಿಸಬೇಕು.

ಟ್ಯಾಂಕನ್ನು ಕಂಠಪೂರ್ತಿ ತುಂಬುವಂತೆಯೂ ಇಲ್ಲ. ಬಿಸಿಲಿಗೆ ದ್ರವ ಹಿಗ್ಗುತ್ತದೆ. ಹೊರಗೆ ಶಾಖನಿರೋಧಕ ಹೊದಿಕೆ ಇಲ್ಲದ ಟ್ಯಾಂಕಿನಲ್ಲಿ ದ್ರವ 46 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗಲೂ ಕನಿಷ್ಠ ಶೇ 1ರಷ್ಟು ಜಾಗ ಖಾಲಿ ಉಳಿಯುವಂತೆ ಲೆಕ್ಕ ಹಾಕಬೇಕು ಎನ್ನುತ್ತದೆ ಅಮೆರಿಕದ ನಿಯಮ. ಹೊದಿಕೆ ಇದ್ದರೆ ಈ ಲೆಕ್ಕ 41 ಡಿಗ್ರಿಗೆ. ಮುಂಜಾನೆಯ ತಂಪಿನಲ್ಲಿ ತುಂಬುವವರು ಮಧ್ಯಾಹ್ನದ ಬಿಸಿಲನ್ನು ಲೆಕ್ಕಕ್ಕೆ ಹಿಡಿದೇ ತುಂಬಬೇಕು.

ಚಳಿಯ ನಾಡುಗಳಲ್ಲಿ ಇನ್ನೊಂದು ತೊಡಕಿದೆ. ಶೇ 98ರ ಗಂಧಕಾಮ್ಲ ಶೂನ್ಯಕ್ಕಿಂತ ಸ್ವಲ್ಪ ಮೇಲಿನ ಉಷ್ಣತೆಯಲ್ಲೇ ಹೆಪ್ಪುಗಟ್ಟುತ್ತದೆ. ಶೇ 93ರದು ಶೂನ್ಯಕ್ಕಿಂತ ಬಹಳ ಕೆಳಗೆ, ಮೈನಸ್ 30ರ ಆಸುಪಾಸಿನವರೆಗೂ ದ್ರವವಾಗಿಯೇ ಇರುತ್ತದೆ. ಚಳಿಗಾಲದಲ್ಲಿ ಶೇ 93ರದನ್ನೇ ಕಳಿಸುವ ರೂಢಿ ಬೆಳೆದದ್ದು ಇದರಿಂದ. ಹೆಪ್ಪುಗಟ್ಟಿದ ಆಮ್ಲವನ್ನು ಕರಗಿಸಲು ಟ್ಯಾಂಕಿಗೆ ಶಾಖ ಕೊಡುವುದು ತಾನೇ ಒಂದು ಅಪಾಯದ ಕೆಲಸ.

ಮುಚ್ಚಳದ ಬೋಲ್ಟುಗಳು

ಅಪಾಯಕಾರಿ ಸರಕಿನ ಸೋರಿಕೆ ಎಂದ ಕೂಡಲೇ ಹಳಿ ತಪ್ಪಿದ ರೈಲು ಕಣ್ಣ ಮುಂದೆ ಬರುತ್ತದೆ. ಆದರೆ ಅಮೆರಿಕ, ಕೆನಡಾಗಳಲ್ಲಿ ಹೆಚ್ಚಿನ ಸೋರಿಕೆಗಳು ಯಾವ ಅಪಘಾತವೂ ಇಲ್ಲದೆ ಆಗುತ್ತವೆ. ಸಡಿಲ ಬೋಲ್ಟು, ಹಳಸಿದ ಗ್ಯಾಸ್ಕೆಟ್, ಪೂರ್ತಿ ಮುಚ್ಚದ ವಾಲ್ವ್ – ಇವೇ ಮುಖ್ಯ ಕಾರಣಗಳು. ಹನಿ ಹನಿಯಾಗಿ ಸೋರಿದ ಆಮ್ಲ ಟ್ಯಾಂಕಿನ ಮೈಮೇಲೆ ಇಳಿದು, ಬ್ರೇಕಿನ ಭಾಗಗಳನ್ನೂ ಯಾರ್ಡಿನ ಕೆಲಸಗಾರನ ಕೈಯನ್ನೂ ಸುಡುತ್ತದೆ.

ಈ ಕೆಲಸವನ್ನು ಹೀಗೆ ಮಾಡಬೇಕು. ಮ್ಯಾನ್‌ಹೋಲ್ ಮುಚ್ಚಳಕ್ಕೆ ಸಾಮಾನ್ಯವಾಗಿ ಆರೋ ಎಂಟೋ ಬೋಲ್ಟುಗಳಿರುತ್ತವೆ. ಮೊದಲು ಗ್ಯಾಸ್ಕೆಟ್ ಕೂರುವ ಅಂಚನ್ನು ಒರೆಸಿ ಶುಚಿ ಮಾಡಬೇಕು. ಹಳೆಯ ಗ್ಯಾಸ್ಕೆಟ್ಟಿನ ಚೂರು, ತುಕ್ಕಿನ ಹುಡಿ ಉಳಿದರೆ ಅಲ್ಲಿಂದಲೇ ಸೋರುತ್ತದೆ. ಹೊಸ ಗ್ಯಾಸ್ಕೆಟ್ ಇಟ್ಟು, ಎಲ್ಲ ನಟ್ಟುಗಳನ್ನೂ ಕೈಯಲ್ಲೇ ಸಮನಾಗಿ ತಿರುಗಿಸಿ ಕೂರಿಸಬೇಕು. ಆಮೇಲೆ ಒಂದನ್ನು ಬಿಗಿದ ನಂತರ ಅದರ ಎದುರಿನದು, ಮತ್ತೆ ಪಕ್ಕದ್ದು, ಅದರ ಎದುರಿನದು – ಹೀಗೆ ಅಡ್ಡಡ್ಡವಾಗಿ ಸಾಗಬೇಕು. ಒಂದೇ ಸುತ್ತಿನಲ್ಲಿ ಪೂರ್ತಿ ಬಿಗಿಯದೆ, ಪ್ರತಿ ಸುತ್ತಿಗೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಟಾರ್ಕ್ ರೆಂಚಿನಲ್ಲಿ ನಿಗದಿತ ಅಳತೆ ಮುಟ್ಟಿಸಬೇಕು. ಸ್ವಲ್ಪ ಹೊತ್ತಿಗೆ ಗ್ಯಾಸ್ಕೆಟ್ ಒತ್ತಿಕೊಂಡು ಬೋಲ್ಟು ಮತ್ತೆ ಸಡಿಲವಾಗುತ್ತದೆ. ಅದಕ್ಕೇ ವ್ಯಾಗನ್ ಹೊರಡುವ ಮುನ್ನ ಇನ್ನೊಮ್ಮೆ ಅಳತೆ ನೋಡಬೇಕು. ಒಂದರ ಪಕ್ಕ ಒಂದರಂತೆ ಸುತ್ತ ಬಿಗಿಯುತ್ತಾ ಹೋದರೆ ಮುಚ್ಚಳ ಒಂದು ಬದಿಗೆ ವಾಲಿ ಕೂರುತ್ತದೆ. ಆಮೇಲೆ ಎಷ್ಟು ಬಲ ಹಾಕಿದರೂ ಆ ಸಂದು ಮುಚ್ಚುವುದಿಲ್ಲ.

ಫಲಕ, ಸಂಖ್ಯೆ, ಕಾಗದ

ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಲೋಹ, ಚರ್ಮಗಳನ್ನು ತಿನ್ನುವ ವಸ್ತುಗಳದು 8ನೇ ವರ್ಗ. ಫಲಕ ವಜ್ರಾಕಾರದ್ದು. ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು. ಎರಡು ನಳಿಕೆಗಳಿಂದ ಹನಿ ಬಿದ್ದು ಒಂದು ಕೈಯೂ ಒಂದು ಲೋಹದ ತುಂಡೂ ಸವೆಯುತ್ತಿರುವ ಚಿತ್ರ ಮೇಲೆ, 8 ಎಂಬ ಅಂಕಿ ಕೆಳಗೆ. ವ್ಯಾಗನ್ನಿನ ಎರಡು ಪಕ್ಕ, ಎರಡು ತುದಿ – ನಾಲ್ಕೂ ಕಡೆ ಈ ಫಲಕ ಇರಬೇಕು. ಜೊತೆಗೆ ನಾಲ್ಕಂಕಿಯ ಯುಎನ್ ಸಂಖ್ಯೆ. ಮುಖ್ಯವಾದವು ಇವು:

• 1830 – ಶೇ 51ಕ್ಕಿಂತ ಗಾಢವಾದ ಗಂಧಕಾಮ್ಲ
• 1831 – ಹೊಗೆಯಾಡುವ ಗಂಧಕಾಮ್ಲ, ಅಂದರೆ ಓಲಿಯಂ
• 1789 – ಹೈಡ್ರೋಕ್ಲೋರಿಕ್ ಆಮ್ಲ
• 2031 – ನೈಟ್ರಿಕ್ ಆಮ್ಲ (ಕೆಂಪು ಹೊಗೆಯಾಡುವ ಬಗೆಯನ್ನು ಬಿಟ್ಟು)
• 1805 – ಫಾಸ್ಫಾರಿಕ್ ಆಮ್ಲದ ದ್ರಾವಣ
• 1790 – ಹೈಡ್ರೋಫ್ಲೋರಿಕ್ ಆಮ್ಲ

ಯುರೋಪಿನ ವ್ಯಾಗನ್‌ಗಳ ಮೇಲೆ ಕಿತ್ತಳೆ ಬಣ್ಣದ ಆಯತಾಕಾರದ ಹಲಗೆ ಇರುತ್ತದೆ. ಮೇಲಿನ ಸಂಖ್ಯೆ ಅಪಾಯದ ಬಗೆಯನ್ನು, ಕೆಳಗಿನದು ಯುಎನ್ ಸಂಖ್ಯೆಯನ್ನು ಹೇಳುತ್ತದೆ. ಗಂಧಕಾಮ್ಲಕ್ಕೆ ಮೇಲೆ 80, ಕೆಳಗೆ 1830. ಓಲಿಯಂಗೆ ಮೇಲಿನ ಸಂಖ್ಯೆಯ ಮುಂದೆ ಎಕ್ಸ್ ಅಕ್ಷರ ಇರುತ್ತದೆ. ಎಕ್ಸ್ ಇದ್ದರೆ ಆ ವಸ್ತು ನೀರಿನೊಡನೆ ಅಪಾಯಕಾರಿಯಾಗಿ ವರ್ತಿಸುತ್ತದೆ ಎಂದರ್ಥ. ಅಗ್ನಿಶಾಮಕ ದಳದವರು ಪೈಪ್ ಬಿಚ್ಚುವ ಮುನ್ನ ಹುಡುಕುವುದು ಆ ಒಂದು ಅಕ್ಷರವನ್ನು.

ರೈಲಿನ ಸಿಬ್ಬಂದಿಯ ಕೈಯಲ್ಲಿರುವ ಕಾಗದದಲ್ಲಿ ಯುಎನ್ ಸಂಖ್ಯೆ, ಅಧಿಕೃತ ಹೆಸರು, ವರ್ಗ, ಅಪಾಯದ ಶ್ರೇಣಿ ಇದೇ ಕ್ರಮದಲ್ಲಿ ಇರಬೇಕು. ದಿನದ 24 ಗಂಟೆಯೂ ಉತ್ತರ ಸಿಗುವ ದೂರವಾಣಿ ಸಂಖ್ಯೆಯೂ ಇರಬೇಕು. ಅಮೆರಿಕದಲ್ಲಿ ರಾಸಾಯನಿಕ ಉದ್ಯಮ 1971ರಲ್ಲಿ ಆರಂಭಿಸಿದ ಕೆಮ್‌ಟ್ರೆಕ್ ಎಂಬ ಕೇಂದ್ರ ಹಗಲಿರುಳೂ ಇಂಥ ಕರೆಗಳಿಗೆ ಮಾಹಿತಿ ಕೊಡುತ್ತದೆ.

ರೈಲಿನ ಸಾಲಿನಲ್ಲಿ ಎಲ್ಲಿರಬೇಕು

ಎಂಜಿನ್ನಿನ ಬೆನ್ನಿಗೇ ಆಮ್ಲದ ವ್ಯಾಗನ್ ಜೋಡಿಸುವಂತಿಲ್ಲ. ರೈಲು ಸಾಕಷ್ಟು ಉದ್ದವಿದ್ದರೆ, ತುಂಬಿದ ವ್ಯಾಗನ್ ಎಂಜಿನ್ನಿನಿಂದ ಆರನೆಯದು ಅಥವಾ ಅದಕ್ಕಿಂತ ಹಿಂದಿನದು ಆಗಿರಬೇಕು. ಉದ್ದ ಸಾಲದಿದ್ದರೆ ನಡುವೆ ಅಪಾಯಕಾರಿಯಲ್ಲದ ಒಂದು ವ್ಯಾಗನ್ನಾದರೂ ಇರಬೇಕು. ಡಿಕ್ಕಿಯಾದರೆ ಆಮ್ಲ ಮೊದಲು ಸಿಬ್ಬಂದಿಯ ಮೇಲೆ ಬೀಳಬಾರದು ಎಂಬುದು ಉದ್ದೇಶ. ಯಾವ ವ್ಯಾಗನ್ ಎಷ್ಟನೆಯ ಸ್ಥಾನದಲ್ಲಿದೆ ಎಂಬ ಪಟ್ಟಿ ಸಿಬ್ಬಂದಿಯ ಬಳಿ ಇರಬೇಕು. ದಾರಿಯಲ್ಲಿ ಒಂದು ವ್ಯಾಗನ್ ಬಿಡಿಸಿದರೂ ಪಟ್ಟಿ ತಿದ್ದಬೇಕು.

ಶಂಟಿಂಗ್ ಮಾಡುವಾಗಿನ ಎಚ್ಚರ ಇನ್ನೂ ಮುಖ್ಯ. 1983ರ ಏಪ್ರಿಲ್ 3ರ ನಸುಕಿನಲ್ಲಿ ಅಮೆರಿಕದ ಡೆನ್ವರ್ ರೈಲು ಯಾರ್ಡಿನಲ್ಲಿ ಶಂಟಿಂಗ್ ವೇಳೆ ಕಪ್ಲರ್ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ) ಚುಚ್ಚಿ ನೈಟ್ರಿಕ್ ಆಮ್ಲದ ವ್ಯಾಗನ್ ತೂತಾಯಿತು. ಸುಮಾರು 75,000 ಲೀಟರ್ ಆಮ್ಲ ಹೊರಚೆಲ್ಲಿತು. ಸುಮಾರು 9,000 ಜನರನ್ನು ಸ್ಥಳಾಂತರಿಸಿದರು. ಅಷ್ಟೊಂದು ಆಮ್ಲವನ್ನು ಶಮನಗೊಳಿಸಲು ಸೋಡಾ ಆಶ್ ಬೇಕಾಯಿತು. ಅದನ್ನು ದೂರದಿಂದಲೇ ಎರಚಲು ವಿಮಾನ ನಿಲ್ದಾಣದ ಹಿಮ ತೆಗೆಯುವ ಯಂತ್ರಗಳನ್ನು ತರಿಸಿದರು. ಒಂದು ವ್ಯಾಗನ್ನಿನ ಕಪ್ಲರ್ ಮೇಲೆದ್ದು ಇನ್ನೊಂದರ ಟ್ಯಾಂಕನ್ನು ಚುಚ್ಚದಂತೆ, ಅಪಾಯಕಾರಿ ಸರಕಿನ ವ್ಯಾಗನ್‌ಗಳ ಕಪ್ಲರ್‌ಗಳಿಗೆ ಮೇಲೆ ಕೆಳಗೆ ತಡೆಪಟ್ಟಿ ಇರುವ ವಿನ್ಯಾಸ ಈಗ ಅಲ್ಲಿ ಕಡ್ಡಾಯ.

ಇಳಿಸುವಾಗ

ಇಡೀ ಪಯಣದಲ್ಲಿ ಮನುಷ್ಯ ಆಮ್ಲಕ್ಕೆ ಅತಿ ಹತ್ತಿರ ಇರುವುದು ತುಂಬುವಾಗ ಮತ್ತು ಇಳಿಸುವಾಗ. ಅಮೆರಿಕದ ನಿಯಮದ ಹಂತಗಳು ಹೀಗಿವೆ:

1. ಕೈಬ್ರೇಕ್ ಹಾಕಿ, ಗಾಲಿಗಳಿಗೆ ಅಡ್ಡಗಟ್ಟೆ ಕೊಡಬೇಕು.
2. ‘ನಿಲ್ಲಿ – ಟ್ಯಾಂಕ್ ವ್ಯಾಗನ್ ಜೋಡಣೆಯಲ್ಲಿದೆ’ ಎಂಬ ಎಚ್ಚರಿಕೆ ಹಲಗೆಯನ್ನು ಹಳಿಯ ಮೇಲೆ ಇಡಬೇಕು. ಅದು ಕನಿಷ್ಠ 30 ಸೆಂ.ಮೀ. ಎತ್ತರ, 38 ಸೆಂ.ಮೀ. ಅಗಲ ಇರಬೇಕು. ಪೈಪ್ ಬಿಚ್ಚುವವರೆಗೆ ಅದನ್ನು ತೆಗೆಯುವಂತಿಲ್ಲ.
3. ಬೇರೆ ಎಂಜಿನ್ ಆ ಹಳಿಗೆ ಬಾರದಂತೆ ಪಾಯಿಂಟಿಗೆ ಬೀಗ ಹಾಕಬೇಕು, ಇಲ್ಲವೇ ಹಳಿಗೆ ತಡೆ ಹಾಕಬೇಕು.
4. ಮುಚ್ಚಳಕ್ಕೆ ಕೈ ಹಾಕುವ ಮುನ್ನ ಒಳಗಿನ ಒತ್ತಡವನ್ನು ವಾಲ್ವ್ ಮೂಲಕ ನಿಧಾನವಾಗಿ ಬಿಡಬೇಕು.
5. ಇಳಿಸುವುದು ಮುಗಿಯುವವರೆಗೆ ತರಬೇತಾದವರ ಕಾವಲಿರಬೇಕು. ಅಲ್ಲಿನ ನಿಯಮದಂತೆ ಈ ತರಬೇತಿಯನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಪಡೆಯಬೇಕು.

ಆಮ್ಲದ ವ್ಯಾಗನ್ನನ್ನು ಸಾಮಾನ್ಯವಾಗಿ ಮೇಲಿನಿಂದಲೇ ಇಳಿಸುತ್ತಾರೆ. ಟ್ಯಾಂಕಿನ ತಳದವರೆಗೆ ಇಳಿದ ಕೊಳವೆಯ ಮೂಲಕ ಒಣಗಾಳಿಯ ಒತ್ತಡದಿಂದಲೋ ಪಂಪಿನಿಂದಲೋ ಆಮ್ಲ ಮೇಲೇರಿ ಬರುತ್ತದೆ. ಗಾಳಿಯ ಒತ್ತಡ ಟ್ಯಾಂಕಿನ ಮಿತಿ ದಾಟದಂತೆ ನಿಯಂತ್ರಕ ಇರಲೇಬೇಕು. ಕರಾವಳಿಯಂಥ ತೇವದ ಹವೆಯಲ್ಲಿ ಗಾಳಿಯನ್ನು ಒಣಗಿಸದೆ ಬಳಸಿದರೆ, ಮೊದಲೇ ಹೇಳಿದಂತೆ ಟ್ಯಾಂಕಿನೊಳಗೆ ತೆಳು ಆಮ್ಲ ಹುಟ್ಟುತ್ತದೆ.

ಒತ್ತಡದ ಮಾತು ಬಂದಾಗ ರಿಚ್ಮಂಡ್ ಅವಘಡ ನೆನಪಾಗಲೇಬೇಕು. 1993ರ ಜುಲೈ 26ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ಕಾರ್ಖಾನೆಯೊಂದರಲ್ಲಿ, ಓಲಿಯಂ ವ್ಯಾಗನ್ನನ್ನು ಇಳಿಸಲು ಹಬೆಯಿಂದ ಬಿಸಿ ಮಾಡುತ್ತಿದ್ದರು. ಒತ್ತಡ ಏರಿ ಸುರಕ್ಷತಾ ಬಿಲ್ಲೆ ಒಡೆಯಿತು. ಹೊರನುಗ್ಗಿದ ಸಲ್ಫರ್ ಟ್ರೈಆಕ್ಸೈಡ್ ಗಾಳಿಯ ತೇವದೊಡನೆ ಸೇರಿ ಗಂಧಕಾಮ್ಲದ ಮಂಜಾಯಿತು. ಗಂಟೆಗಟ್ಟಲೆ ಸೋರಿಕೆ ನಿಲ್ಲಲಿಲ್ಲ. ಕಣ್ಣುರಿ, ಕೆಮ್ಮು, ಉಸಿರಾಟದ ತೊಂದರೆಯಿಂದ 20,000ಕ್ಕೂ ಹೆಚ್ಚು ಜನ ಆಸ್ಪತ್ರೆಗಳಿಗೆ ಹೋದರು. ವ್ಯಾಗನ್ ನಿಂತಲ್ಲೇ ನಿಂತಿತ್ತು. ಓಲಿಯಂ ಬಿಸಿ ಮಾಡುವವರು ಒತ್ತಡದ ಮುಳ್ಳಿನಿಂದ ಕಣ್ಣು ತೆಗೆಯಬಾರದು. ಬಿಸಿ ಎಷ್ಟು, ಎಷ್ಟು ಹೊತ್ತು ಎಂಬುದು ಮೊದಲೇ ಬರೆದಿಟ್ಟ ಕ್ರಮದಂತೆ ನಡೆಯಬೇಕು.

ಕೆಲಸಗಾರನ ಉಡುಪು: ತುಂತುರು ಒಳನುಗ್ಗದ ಕನ್ನಡಕ, ಅದರ ಮೇಲೆ ಮುಖಕ್ಕೆ ಗುರಾಣಿ, ಆಮ್ಲ ತಡೆಯುವ ಉಡುಪು, ಉದ್ದ ಕೈಗವಸು, ಗಮ್ ಬೂಟು. ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿದಿರಬೇಕು. ಬೂಟಿನೊಳಗೆ ಸಿಕ್ಕಿಸಿದರೆ ಮೈಮೇಲೆ ಬಿದ್ದ ಆಮ್ಲ ಇಳಿದು ಪಾದದಡಿ ನಿಲ್ಲುತ್ತದೆ, ಬೂಟು ಕಳಚುವಷ್ಟರಲ್ಲಿ ಪಾದ ಬೆಂದಿರುತ್ತದೆ. ಕಣ್ಣು ತೊಳೆಯುವ ನಲ್ಲಿ ಮತ್ತು ತುರ್ತು ಷವರ್ 10 ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರ ಇರಬೇಕು, 15 ನಿಮಿಷ ನಿಲ್ಲದೆ ನೀರು ಕೊಡುವಂತಿರಬೇಕು. ಕೆಲಸ ಶುರು ಮಾಡುವ ಮುನ್ನ ಒಮ್ಮೆ ತಿರುಗಿಸಿ ನೀರು ಬರುವುದನ್ನು ಖಾತರಿ ಮಾಡಿಕೊಳ್ಳಿ.

ಖಾಲಿಯಾದ ವ್ಯಾಗನ್

ಇಳಿಸಿದ ಮೇಲೂ ತಳದಲ್ಲಿ ಆಮ್ಲ ಉಳಿದಿರುತ್ತದೆ. ಟ್ಯಾಂಕನ್ನು ಪೂರ್ತಿ ತೊಳೆದು ಶುದ್ಧಗೊಳಿಸುವವರೆಗೆ ನಾಲ್ಕೂ ಫಲಕಗಳು ಹಾಗೆಯೇ ಇರಬೇಕು. ಮುಚ್ಚಳ, ವಾಲ್ವ್‌ಗಳನ್ನು ತುಂಬಿದ ವ್ಯಾಗನ್ನಿಗೆ ಬಿಗಿಯುವಷ್ಟೇ ಶ್ರದ್ಧೆಯಿಂದ ಬಿಗಿಯಬೇಕು. ಗಂಧಕಾಮ್ಲದ ಖಾಲಿ ಟ್ಯಾಂಕಿನೊಳಗೆ ಹೈಡ್ರೋಜನ್ ಇರಬಹುದು. ಒಳಗಿನ ಗಾಳಿಯನ್ನು ಉಪಕರಣದಿಂದ ಪರೀಕ್ಷಿಸದೆ, ಲಿಖಿತ ಅನುಮತಿ ಪಡೆಯದೆ, ಹೊರಗೆ ಇನ್ನೊಬ್ಬರನ್ನು ಕಾವಲಿಗೆ ನಿಲ್ಲಿಸದೆ ಯಾರೂ ಒಳಗಿಳಿಯಬಾರದು, ಗ್ಯಾಸ್ ಕಟಿಂಗ್, ವೆಲ್ಡಿಂಗ್ ಮಾಡಬಾರದು.

ಸೋರಿದರೆ

ಉತ್ತರ ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯ ತುರ್ತು ಕೈಪಿಡಿಯಲ್ಲಿ ಯುಎನ್ ಸಂಖ್ಯೆ ಹುಡುಕಿದರೆ ಯಾವ ಸಂಖ್ಯೆಯ ಸೂಚನೆ ಪಾಲಿಸಬೇಕೆಂದು ತಿಳಿಯುತ್ತದೆ. ಗಂಧಕಾಮ್ಲಕ್ಕೆ 137, ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳಿಗೆ 157. ದ್ರವ ಸೋರಿದ್ದರೆ ಎಲ್ಲ ದಿಕ್ಕಿನಲ್ಲೂ ಕನಿಷ್ಠ 50 ಮೀಟರ್ ತೆರವು ಮಾಡಬೇಕು. ವ್ಯಾಗನ್ ಬೆಂಕಿಗೆ ಸಿಕ್ಕಿದ್ದರೆ 800 ಮೀಟರ್. ಓಲಿಯಂನಂಥ ಹೊಗೆಯಾಡುವ ಆಮ್ಲಕ್ಕೆ ಗಾಳಿ ಬೀಸುವ ದಿಕ್ಕಿನಲ್ಲಿ ಇನ್ನೂ ದೂರದವರೆಗೆ ಎಚ್ಚರ ಬೇಕು.

ಚೆಲ್ಲಿದ ಗಾಢ ಗಂಧಕಾಮ್ಲದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಮಣ್ಣು, ಮರಳಿನ ಒಡ್ಡು ಹಾಕಿ ಚರಂಡಿ, ಹಳ್ಳ, ಕೆರೆಗೆ ಹೋಗದಂತೆ ತಡೆಯುವುದು ಮೊದಲ ಕೆಲಸ. ಆಮೇಲೆ ತಜ್ಞರು ಸುಣ್ಣ ಅಥವಾ ಸೋಡಾ ಆಶ್ ಬಳಸಿ ನಿಧಾನವಾಗಿ ಶಮನಗೊಳಿಸುತ್ತಾರೆ. ನೈಟ್ರಿಕ್ ಆಮ್ಲಕ್ಕೆ ಮರದ ಹೊಟ್ಟು, ಹುಲ್ಲು, ಗೋಣಿಚೀಲ ಹಾಕಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಮೈಮೇಲೆ ಬಿದ್ದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯಬೇಕು. ತೊಳೆಯುತ್ತಲೇ ಆಮ್ಲ ತಾಗಿದ ಬಟ್ಟೆ, ಚಪ್ಪಲಿ, ಉಂಗುರ, ಬಳೆ ತೆಗೆಯಬೇಕು. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹರಿಸಬೇಕು. ಅಡುಗೆ ಸೋಡಾ, ಸುಣ್ಣ, ಎಣ್ಣೆ, ಅರಿಶಿನ, ಟೂತ್‌ಪೇಸ್ಟ್ ಏನನ್ನೂ ಹಚ್ಚಬೇಡಿ. ಆಮ್ಲ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಅನ್ನನಾಳ ಎರಡನೇ ಬಾರಿ ಸುಡುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವಾದರೆ ತೊಳೆದ ಮೇಲೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಬೇಕು. ಗಾಯ ಎಷ್ಟೇ ಸಣ್ಣದಿರಲಿ, ನೋವು ಇಲ್ಲದಿರಲಿ, ಆಸ್ಪತ್ರೆಗೆ ಹೋಗಲೇಬೇಕು. ಆಸ್ಪತ್ರೆಯಲ್ಲಿ ಆಮ್ಲದ ಹೆಸರು ಅಥವಾ ಯುಎನ್ ಸಂಖ್ಯೆ ಹೇಳಿದರೆ ಚಿಕಿತ್ಸೆ ಬೇಗ ಸಿಗುತ್ತದೆ.

ನಮ್ಮಲ್ಲಿ

ಭಾರತೀಯ ರೈಲ್ವೆಯಲ್ಲಿ ಅಪಾಯಕಾರಿ ಸರಕುಗಳ ಸಾಗಣೆಗೆ ರೆಡ್ ಟ್ಯಾರಿಫ್ ಎಂಬ ನಿಯಮಪುಸ್ತಕ ಇದೆ. ಆಮ್ಲಗಳೂ ಅದರ ವ್ಯಾಪ್ತಿಗೆ ಬರುತ್ತವೆ. 1989ರ ರೈಲ್ವೆ ಕಾಯ್ದೆಯ 67ನೇ ಕಲಮಿನ ಪ್ರಕಾರ, ಅಪಾಯಕಾರಿ ಸರಕು ಕಳಿಸುವವರು ಅದರ ಸ್ವರೂಪವನ್ನು ಬರಹದಲ್ಲಿ ತಿಳಿಸಬೇಕು, ಹೊರಗೆ ಸ್ಪಷ್ಟವಾಗಿ ಗುರುತು ಹಾಕಬೇಕು. ನಿಯಮ ಮೀರಿ ತಂದವರಿಗೆ 164ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ಪ್ರಯಾಣಿಕರಿಗೂ ಇದು ಅನ್ವಯ. ಶೌಚಾಲಯ ತೊಳೆಯುವ ಆಸಿಡ್ ಬಾಟಲಿಯಾಗಲಿ ಇನ್ವರ್ಟರ್ ಬ್ಯಾಟರಿಗೆ ಹಾಕುವ ಆಸಿಡ್ಡಾಗಲಿ ರೈಲಿನ ಬೋಗಿಯಲ್ಲಿ ಒಯ್ಯುವ ವಸ್ತುವಲ್ಲ.

ಕರ್ನಾಟಕದವರಿಗೆ ಆಮ್ಲದ ಸಾಗಣೆ ದೂರದ ವಿಷಯವಲ್ಲ. ರಸಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬರುತ್ತದೆ. ಹೆದ್ದಾರಿಗಳಲ್ಲಿ ಆಸಿಡ್ ಟ್ಯಾಂಕರ್ ಲಾರಿಗಳನ್ನು ನಾವೆಲ್ಲ ಕಾಣುತ್ತೇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಆ ಲಾರಿಗಳ ಮೇಲೂ ಯುಎನ್ ಸಂಖ್ಯೆ, ಅಪಾಯದ ಚಿಹ್ನೆ, ತುರ್ತು ದೂರವಾಣಿ ಸಂಖ್ಯೆ ಇರುವ ಫಲಕ ಇರಬೇಕು. ರೈಲಿರಲಿ ಲಾರಿಯಿರಲಿ, 1830 ಎಂದರೆ ಗಂಧಕಾಮ್ಲವೇ.

ಹಳಿಯ ಬದಿ ಮನೆ ಇರುವವರು, ರೈಲ್ವೆ ಗೇಟಿನಲ್ಲಿ ನಿಲ್ಲುವವರು, ಯಾರ್ಡಿನ ಪಕ್ಕ ದನ ಮೇಯಿಸುವವರು ವ್ಯಾಗನ್ ಸೋರುವುದನ್ನು ಕಂಡರೆ ಇಷ್ಟು ಮಾಡಿ. ಹತ್ತಿರ ಹೋಗಬೇಡಿ, ದ್ರವವನ್ನು ಮುಟ್ಟಬೇಡಿ, ಮೂಸಬೇಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ಎದುರಾಗಿ ಎತ್ತರದ ಜಾಗಕ್ಕೆ ಸರಿಯಿರಿ. ಸೋರಿಕೆಯನ್ನು ದಾಟಿ ಹೋಗಬೇಕಾದರೆ ಗಾಳಿಗೆ ಅಡ್ಡಲಾಗಿ ನಡೆದು ಪಕ್ಕಕ್ಕೆ ಹೊರಬನ್ನಿ. ಮಕ್ಕಳನ್ನು, ದನಕರುಗಳನ್ನು ದೂರ ಕಳಿಸಿ. ಮನೆಯಿಂದ ಹೊರಡಲು ಆಗದಿದ್ದರೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು, ಎಸಿ ಆರಿಸಿ. ಸುರಕ್ಷಿತ ದೂರದಿಂದ ಫಲಕದ ನಾಲ್ಕಂಕಿ ಓದಲು ಸಿಕ್ಕರೆ ಗುರುತು ಹಾಕಿಕೊಳ್ಳಿ. ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ನೋಡಿದರೆ ಸಾಕಾಗುತ್ತದೆ. ಆಮೇಲೆ ರೈಲ್ವೆ ಸಹಾಯವಾಣಿ 139ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ಜಾಗ, ಹತ್ತಿರದ ನಿಲ್ದಾಣ ಅಥವಾ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಫಲಕದ ನಾಲ್ಕಂಕಿ, ಹೊಗೆ ಇದೆಯೇ ಇಲ್ಲವೇ ಎಂಬುದನ್ನು ಹೇಳಿ.

ಕಾರ್ಖಾನೆಗಳಲ್ಲಿ ಆಮ್ಲ ತುಂಬುವ, ಇಳಿಸುವ ಕೆಲಸ ಮಾಡುವವರಲ್ಲಿ ಒಂದು ಕೋರಿಕೆ. ವ್ಯಾಗನ್ ಬೇಗ ಬಿಡಿ ಎಂಬ ಒತ್ತಡ ಮೇಲಿನಿಂದ ಬಂದೇ ಬರುತ್ತದೆ. ಬೋಲ್ಟಿನ ಎರಡನೇ ತಪಾಸಣೆ, ಹಿಂದಿನ ಸರಕಿನ ವಿಚಾರಣೆ, ಷವರಿನ ನೀರಿನ ಪರೀಕ್ಷೆ – ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇವೇ. ಇವು ಮೂರೂ ಸೇರಿ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆಯನ್ನು ಯಾರಿಗೂ ಬಿಟ್ಟುಕೊಡಬೇಡಿ. ಮೇಲ್ವಿಚಾರಕರು ಇದನ್ನು ಕೆಲಸದ ವೇಳಾಪಟ್ಟಿಯಲ್ಲೇ ಬರೆದು ಸೇರಿಸಲಿ. ಹಾಗೆ ಬರೆದಿದ್ದರೆ, ವ್ಯಾಗನ್ ತಡೆದು ನಿಲ್ಲಿಸಿದ ಕೆಲಸಗಾರ ಯಾರಿಗೂ ವಿವರಣೆ ಕೊಡಬೇಕಾಗುವುದಿಲ್ಲ.